ಪ್ರಿಸ್ಕಾಳ ಪಾಲು

ಬೆಳಗ್ಗೆ ಎದ್ದಾಗಿನಿಂದ ಚಿಸಂಗಾನಿಗೆ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತೋಚುತ್ತಿರಲಿಲ್ಲ. ಹದಿನಾಲ್ಕು ವರ್ಷ ಗಣಿಯ ಪಂಪುಗಳನ್ನು ಬಿಚ್ಚಿ ಜೋಡಿಸಿದ ಕೈಗಳು. ಗಣಿಪಟ್ಟಣ ಕಿಟ್ವೆಯ ಆ ರಿಪೇರಿ ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ತಿಂಗಳಾಗಿ, ಉಗುರುಸಂದಿಯ ಗ್ರೀಸೆಲ್ಲ ಹೋಗಿ, ಅವು ಈಗ ಯಾವನೋ ಗುಮಾಸ್ತನ ಕೈಗಳಂತೆ ಚೊಕ್ಕಟವಾಗಿದ್ದವು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಚೀಲದಿಂದ ಒಲೆಗೆ ಇದ್ದಿಲು ಸುರಿದ. ಮೂರು ದಿನದಿಂದ ಮಲೇರಿಯಾದಲ್ಲಿ ಮಲಗಿದ್ದ ಹೆಂಡತಿ ಪ್ರಿಸ್ಕಾಳ ದನಿ, ಎಂದಿನಂತೆ ಮಗಳ ಹೆಸರು ಹಿಡಿದು ಅವನನ್ನು ಕರೆಯುತ್ತಾ, ಕಿಟಕಿಯಿಂದ ಬಂತು.

"ಮ್ವಿಲಾ ಅಪ್ಪಾ, ಅಷ್ಟು ಇದ್ದಿಲು ಬೇಡ. ಗಂಜಿಗೆ ಅದರ ಅರ್ಧ ಸಾಕು."

"ನೋಡ್ದೆ ಹೆಂಗೆ ಹೇಳ್ತೀಯ?"

"ಸದ್ದು ಕೇಳ್ತಲ್ಲ."

ಅರ್ಧದಷ್ಟನ್ನು ಮತ್ತೆ ಚೀಲಕ್ಕೆ ಹಾಕಿದ. ಒಂದೊಂದಾಗಿ, ಸದ್ದಾಗದ ಹಾಗೆ ಹಾಕಿದ್ದು ಯಾಕೆಂದು ಅವನಿಗೇ ಗೊತ್ತಾಗಲಿಲ್ಲ. ಜ್ವರದಲ್ಲೂ ಅವಳಿಗೆ ಮನೆಯಲ್ಲಿ ವ್ಯರ್ಥವಾಗುವ ಪ್ರತಿಯೊಂದರ ಸದ್ದೂ ಕೇಳುತ್ತಿತ್ತು. ಎಣ್ಣೆ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಹೊಡೆದಿದ್ದಳು, ಎಷ್ಟು ಬಗ್ಗಿಸಿದರೂ ತೊಟ್ಟು ತೊಟ್ಟಾಗಿ ಬೀಳಲೆಂದು. ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ ಉಂಡೆ ಮಾಡುತ್ತಿದ್ದಳು. ಮುದ್ದೆ ಆದ ಮೇಲೆ ಇನ್ನೂ ಉರಿಯುತ್ತಿದ್ದ ಇದ್ದಿಲಿಗೆ ನೀರು ಚಿಮುಕಿಸಿ ಆರಿಸಿ, ಮರುದಿನಕ್ಕೆ ಬಿಸಿಲಲ್ಲಿ ಹರವುತ್ತಿದ್ದಳು. ಸಂಬಳ ಬರುತ್ತಿದ್ದ ದಿನಗಳಲ್ಲಿ ಅವನು ಇದನ್ನೆಲ್ಲ ಗೆಳೆಯರ ಮುಂದೆ ಅಭಿನಯಿಸಿ ತೋರಿಸುತ್ತಿದ್ದ. ನನ್ನ ಹೆಂಡ್ತಿ ಬೆಂಕೀನೂ ಒಗೆದು ಒಣಗಾಕ್ತಾಳೆ ಅನ್ನುತ್ತಿದ್ದ. ಬಿಯರ್ ಬಾಟಲಿಗಳ ಮೇಲೆ ಬಗ್ಗಿ ಅವರು ನಗುತ್ತಿದ್ದರು. ಜೂನ್ ಸುಗ್ಗಿಯಲ್ಲಿ ಮೆಕ್ಕೆಜೋಳ ಅಗ್ಗವಾದಾಗ ಅವಳು ಏಳು ಮೂಟೆ ತರಿಸಿ ಮಲಗುವ ಕೋಣೆಯ ಗೋಡೆಗೆ ಒಟ್ಟಿಸಿದ್ದಳು. ಮಂಚ ಮೂಟೆಗಳ ನಡುವೆ ಸಿಕ್ಕಿಕೊಂಡಿತ್ತು. ನಾವೇನು ಮನೇಲಿ ಮಲಗ್ತಿದೀವೋ ಗೋಡೌನಲ್ಲೋ ಎಂದು ಅವನು ಎರಡು ದಿನ ಮಾತು ಬಿಟ್ಟಿದ್ದ. ಸೆಪ್ಟೆಂಬರಿನಲ್ಲಿ ಕಾರ್ಖಾನೆ ಮುಚ್ಚಿತು. ಈಗ ಜನವರಿ. ಎರಡೂವರೆ ಮೂಟೆ ಉಳಿದಿತ್ತು. ದಿನಾ ಸಂಜೆ ಮುದ್ದೆ ಮುರಿಯುವಾಗ ತಾನು ಬೈದ ಮೂಟೆಗಳನ್ನೇ ತಾನು ತಿನ್ನುತ್ತಿದ್ದೇನೆ ಎಂಬುದು ಅವನಿಗೆ ನೆನಪಾಗುತ್ತಿತ್ತು; ನೆನಪಾದರೂ ತಿನ್ನುತ್ತಿದ್ದ. ಅವಳಾಗಲಿ ಒಂದು ಮಾತು ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು.

ಗಂಜಿ ತಂದುಕೊಟ್ಟಾಗ ಅವಳು ದಿಂಬಿನ ಅಡಿಯಿಂದ ಚಿಕ್ಕದೊಂದು ಪುಸ್ತಕ ತೆಗೆದಳು, ಸೊಂಟಕ್ಕೆ ಸುತ್ತುವ, ಮಡಿಸಿದ ಚಿತೆಂಗೆ ಬಟ್ಟೆಯೊಂದನ್ನು ಅದರ ಮೇಲಿಟ್ಟಳು.

"ಇವತ್ತು ಪಾಲು ಹಂಚ್ತಾರೆ. ನಂಗೆ ಎದ್ದು ನಿಲ್ಲೋಕಾಗ್ತಿಲ್ಲ. ನೀವೇ ಹೋಗಿ ತಗೊಂಡ್ಬನ್ನಿ."

"ನಾನಾ? ಅಲ್ಲಿರೋದೆಲ್ಲ ಹೆಂಗಸ್ರಲ್ವ?"

"ಹೆಂಗಸ್ರೇ. ಕಚ್ಚಲ್ಲ. ಚರ್ಚ್ ಹಿಂದೆ ಮಕ್ಕಳ ಸ್ಕೂಲಿದೆಯಲ್ಲ, ಅಲ್ಲಿ. ನಡ್ಕೊಂಡೇ ಹೋಗಿ, ಬಸ್ಸು ಸುಮ್ನೆ ಸುತ್ತು ಹಾಕುತ್ತೆ."

ಉಳಿತಾಯದ ಈ ಗುಂಪಿನ ವಿಷಯ ಅವನಿಗೆ ಗೊತ್ತಾದದ್ದೇ ಕೆಲಸ ಹೋದ ಮೂರನೇ ವಾರ, ಟೀವಿ ಮಾರೋಣ ಅಂದಾಗ. ಜನವರಿ ತನಕ ತಡೀರಿ, ಪೆಟ್ಟಿಗೇಲಿ ನನ್ನದೊಂದು ಪಾಲಿದೆ ಅಂದಿದ್ದಳು. ಎಷ್ಟು ಎಂದು ಅವನು ಕೇಳಲಿಲ್ಲ. ಯಾವಾಗಿಂದ ಎಂದೂ ಕೇಳಲಿಲ್ಲ. ಕೇಳದೆ ಇದ್ದದ್ದು ಮರ್ಯಾದೆಯಿಂದಲ್ಲ, ಉತ್ತರದ ಹಿಂದೆ ಇನ್ನೇನಾದರೂ ಬಂದೀತು ಎಂಬ ಅಳುಕಿನಿಂದ.

ಅವರ ಬಡಾವಣೆಯಾದ ಬುಚಿಯ ರಸ್ತೆಗಳಲ್ಲಿ ಹಿಂದಿನ ರಾತ್ರಿಯ ಮಳೆ ಕೆಂಪಗೆ ನಿಂತಿತ್ತು. ಪುಸ್ತಕವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಡೆದ. ನಲ್ಲಿಯ ಸಾಲಿನಲ್ಲಿ ಬಕೆಟ್ಟಿನ ಮೇಲೆ ಕೂತಿದ್ದ ಮಗಳು ಮ್ವಿಲಾ ಕೈಬೀಸಿದಳು. ಅವಳಿಗೆ ಹನ್ನೊಂದು. ಆ ಇನ್ನೊಬ್ಬಳಿಗೆ ಆಗ ಹದಿಮೂರು. ಆ ಇನ್ನೊಬ್ಬಳು ಎಂದೇ ಅವನು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದ, ಹೆಸರು ಬಂದರೆ ಮುಖವೂ ಬರುತ್ತದೆಂದು. ಚಾಮಾ. ಪ್ರಿಸ್ಕಾಳ ತಂಗಿಯ ಮಗಳು, ಓದಲೆಂದು ಊರಾದ ಲುವಿಂಗುವಿನಿಂದ ಬಂದು ಇವರ ಮನೆಯಲ್ಲಿದ್ದವಳು. ಅವನನ್ನು ಮೇಸ್ತ್ರಿ ಮಾಡಿದ ಶುಕ್ರವಾರ ಗೆಳೆಯರು ಗೇಟಿನ ಬಳಿಯೇ ಮುತ್ತಿಕೊಂಡರು. ಸಂಬಳಕ್ಕೆ ಇನ್ನೂ ಆರು ದಿನವಿತ್ತು. ಮನೆಗೆ ಬಂದ, ಯಾರೂ ಇರಲಿಲ್ಲ, ಅಥವಾ ಯಾರೂ ಇಲ್ಲವೆಂದುಕೊಂಡ. ಒಳಕೋಣೆಯ ಹಾಲಿನಪುಡಿ ಡಬ್ಬಿಯಲ್ಲಿ ಪ್ರಿಸ್ಕಾ ಮುಂದೆ ಕಟ್ಟುವ ಸ್ವಂತ ಮನೆಯ ತಗಡಿನ ಶೀಟುಗಳಿಗೆಂದು ಕೂಡಿಟ್ಟ ಆರುನೂರು ಕ್ವಾಚಾ ಇತ್ತು. ಸಂಬಳ ಬಂದ ದಿನ ಹಾಗೇ ಇಟ್ಟುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ, ಜೋರಾಗಿಯೇ ಹೇಳಿಕೊಂಡ ನೆನಪು. ಹನ್ನೊಂದು ಜನ ಸುಟ್ಟ ಮಾಂಸ ತಿಂದರು, ಕುಡಿದರು, ಅವನನ್ನು ಹೆಗಲ ಮೇಲೆ ಎತ್ತಿದರು. ಸಂಬಳ ಬರುವ ಮೊದಲೇ ಡಬ್ಬಿ ಖಾಲಿಯಾದದ್ದು ಪ್ರಿಸ್ಕಾಳಿಗೆ ತಿಳಿಯಿತು. ಅವಳು ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ಬೂಟಿನ ದಾರ ಬಿಚ್ಚುತ್ತಾ ಒಂದೇ ಮಾತು ಅಂದಿದ್ದ: "ಮನೇಲಿ ಯಾರ್ಯಾರು ಓಡಾಡ್ತಾರೆ ಅಂತ ನೀನೇ ನೋಡ್ಕೋ." ಎರಡು ವಾರದಲ್ಲಿ ಹುಡುಗಿಯನ್ನು ಊರಿಗೆ ಕಳಿಸಿದಳು. ಬಸ್ ಸ್ಟ್ಯಾಂಡಿನಲ್ಲಿ ಅವನು ಒಂದು ಬನ್ನು ಕೊಡಿಸಿದ. ಹುಡುಗಿ ಹಿರಿಯರಿಂದ ತೆಗೆದುಕೊಳ್ಳುವ ಕ್ರಮದಂತೆ ಮಂಡಿಯೂರಿ, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಿತು. ಆ ಮಂಡಿಗೆ ಅಂಟಿದ ಮಣ್ಣು ಅವನಿಗೆ ಇವತ್ತಿಗೂ ಕಾಣುತ್ತಿತ್ತು.

ಶಾಲೆಯ ಕೋಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ನಡುವೆ ಹಸಿರು ಬಣ್ಣದ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಬೀಗದ ಕೀ ಮೂವರ ಕೊರಳಲ್ಲಿ. ಅವನಿಗೆ ಮಕ್ಕಳ ಕುರ್ಚಿಯೊಂದನ್ನು ತಳ್ಳಿದರು. ಕೂತರೆ ಮಂಡಿ ಗದ್ದಕ್ಕೆ ಬಂತು. ಅವಳಿ ಮಕ್ಕಳ ತಾಯಾದ್ದರಿಂದ ಇಡೀ ಬುಚಿ ನಾಂಪುಂಡು ಎಂದೇ ಕರೆಯುತ್ತಿದ್ದ ದಪ್ಪ ಹೆಂಗಸು ಗುಂಪಿನ ಯಜಮಾನಿ. ಅವಳು ಕನ್ನಡಕ ಏರಿಸಿ ಅವನನ್ನು ನೋಡಿದಳು.

"ಮ್ವಿಲಾ ಅಪ್ಪ ಬಂದಿದಾರೆ. ಬೇರೆಯವರ ಪಾಲು ತಗೊಳ್ಳೋಕೆ ಬಂದವರು ಲೆಕ್ಕ ಹೇಳ್ಬೇಕು, ಇದು ನಮ್ಮ ರೂಲು. ಪುಸ್ತಕದಲ್ಲಿ ದುಡ್ಡು ಕಟ್ಟಿದ್ದಕ್ಕೆ ಎಷ್ಟು ಮುದ್ರೆ ಇದೆ ಹೇಳಿಯಪ್ಪ."

ಪುಸ್ತಕವನ್ನು ಅವನು ತೆರೆದೇ ಇರಲಿಲ್ಲ. "ಗೊತ್ತಿಲ್ಲ," ಎಂದ.

ಕೋಣೆಯೆಲ್ಲ ನಕ್ಕಿತು, ಕೆಟ್ಟ ನಗುವಲ್ಲ. ಟೊಮೆಟೊ ಮಾರುವ ತೆಳ್ಳನೆಯ ಹೆಂಗಸೊಬ್ಬಳು, ಕೊರಳಲ್ಲಿ ಕೀ ಇದ್ದವಳು, "ಹೆಂಡ್ತೀರು ಎಷ್ಟು ಹಾಕ್ತಾರೆ ಅಂತ ಗಂಡಂದ್ರಿಗೆ ಗೊತ್ತಿದ್ದಿದ್ರೆ ಈ ಪೆಟ್ಟಿಗೆ ಯಾಕೆ ಬೇಕಿತ್ತು ನಾಂಪುಂಡು, ಬಿಡಿ ಅವರನ್ನ," ಎಂದಳು. ಮತ್ತೆ ನಗು. ಅವನೂ ನಕ್ಕ. ನಗುವಾಗ ಕುರ್ಚಿ ಕಿರುಗುಟ್ಟಿತು. ಈ ಹೆಂಗಸರಿಗೆ ತನ್ನ ಮನೆಯಲ್ಲಿ ಸಕ್ಕರೆ ಎಷ್ಟು ಚಮಚ ಖರ್ಚಾಗುತ್ತದೆ ಎಂದು ಗೊತ್ತಿರಬೇಕು, ತನ್ನ ಗೊರಕೆಯೂ ಗೊತ್ತಿರಬೇಕು ಎಂದುಕೊಂಡ. ವಿಚಿತ್ರವೆಂದರೆ ಕಾರ್ಖಾನೆಯಲ್ಲಿ ಅಷ್ಟು ವರ್ಷ ಅವನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಕೊನೆಯ ದಿನ ಕಾಗದ ಕೊಟ್ಟವನು ಅವನ ಹೆಸರನ್ನೇ ತಪ್ಪಾಗಿ ಓದಿದ್ದ.

ಬೀಗಗಳು ಒಂದೊಂದಾಗಿ ತೆರೆದವು. ನಾಂಪುಂಡು ಪ್ರಿಸ್ಕಾಳ ಪುಸ್ತಕದ ಹಾಳೆ ತಿರುವುತ್ತಾ ಎಲ್ಲರಿಗೂ ಕೇಳುವಂತೆ ಓದಿದಳು. "ಒಂದು ವಾರವೂ ತಪ್ಪಿಲ್ಲ. ಹೋದ ವರ್ಷದ ಪಾಲು ಮುಟ್ಟದೆ ವಾಪಸ್ ಹಾಕಿದಾಳೆ. ಎರಡು ಸಲ ಸಾಲ, ಎರಡೂ ಲುವಿಂಗುವಿನ ಸ್ಕೂಲ್ ಫೀಸಿಗೆ. ಕಡಲೆಕಾಯಿ ಹುರಿದು ಮಾರಿ ತೀರಿಸಿದಾಳೆ."

ಲುವಿಂಗು ಎಂಬ ಮಾತು ಅವನ ಕಿವಿಯಲ್ಲಿ ಸಿಕ್ಕಿಕೊಂಡಿತು. ಫೀಸು ಯಾರದೆಂದು ಕೇಳಲು ಬಾಯಿ ತೆರೆದ, ಕೇಳಿದರೆ ಅದೂ ಗೊತ್ತಿಲ್ಲವೆಂದಾಗುತ್ತದೆಂದು ಮುಚ್ಚಿದ. ನಾಂಪುಂಡು ನೋಟುಗಳನ್ನು ಜೋಡಿಸುತ್ತಲೇ ಮಾತಾಡುತ್ತಿದ್ದಳು, ಒಳ್ಳೆಯ ಮನಸ್ಸಿನವಳು, ಗಂಡನಿಗೆ ಹೆಂಡತಿಯನ್ನು ಹೊಗಳುತ್ತಿದ್ದಳು ಅಷ್ಟೆ.

"ನಿಮ್ಮ ಪುಣ್ಯ ಇವಳು. ಆ ಹುಡುಗಿ ದುಡ್ಡು ಕದ್ದು ಊರಿಗೆ ಹೋಯ್ತಲ್ಲ, ಆ ವಾರವೇ ನನ್ನತ್ರ ಬಂದ್ಲು. ನನ್ನನ್ನ ಸೇರಿಸ್ಕೊಳ್ಳಿ, ಮನೇಲಿ ಇಟ್ರೆ ಉಳಿಯಲ್ಲ ಅಂದ್ಲು. ಕದ್ದೋಳು ಹೊರಟೋದ್ಲಲ್ಲಮ್ಮ, ಇನ್ನು ಯಾರ ಭಯ ಅಂದೆ ನಾನು. ಅದಕ್ಕೆ ಬರೀ ನಕ್ಕಳು."

ಚಿಸಂಗಾ ಎರಡೂ ಕೈ ಚಾಚಿ ನೋಟಿನ ಕಟ್ಟು ತೆಗೆದುಕೊಂಡ. ಚಿತೆಂಗೆ ಬಟ್ಟೆಯಲ್ಲಿ ಕಟ್ಟಿದ. ಗಂಟು ಬಿಗಿಯಾಗಲಿಲ್ಲ, ಟೊಮೆಟೊ ಮಾರುವವಳು ಕಸಿದುಕೊಂಡು ಕಟ್ಟಿಕೊಟ್ಟಳು.

ಹೊರಗೆ ಬಂದರೆ ಬಿಸಿಲು. ಕದ್ದವಳು ಹೋದ ಮೇಲೆ ಮೂರು ಬೀಗ ಯಾಕೆ? ಇಷ್ಟು ಸುಲಭದ ಪ್ರಶ್ನೆ. ಎರಡು ವರ್ಷ ಒಂದೇ ಮಂಚದಲ್ಲಿ ಮಲಗಿ ಅವನು ಕೇಳಿಕೊಳ್ಳದ ಪ್ರಶ್ನೆಯನ್ನು ಬೇರೊಬ್ಬಳು ಹಾದಿಯಲ್ಲಿ ಹೋಗುತ್ತಾ ಕೇಳಿದಂತೆ ಕೇಳಿಬಿಟ್ಟಿದ್ದಳು. ಅವನಿಗೆ ಅವಮಾನವಾದಂತೆ ಅನಿಸಲಿಲ್ಲ. ಪಂಪು ಬಿಚ್ಚುವಾಗ ಕೆಲವೊಮ್ಮೆ ಹೊರಗಿನ ಕವಚ ಸರಿಯಿದ್ದು ಒಳಗೆ ಶಾಫ್ಟು ಯಾವಾಗಲೋ ತುಂಡಾಗಿರುತ್ತಿತ್ತು. ಇಷ್ಟು ದಿನ ಇದು ತಿರುಗುತ್ತಿದ್ದದ್ದಾದರೂ ಹೇಗೆ ಎಂದು ನಿಂತು ನೋಡುತ್ತಿದ್ದ. ಈಗಲೂ ಹಾಗೇ ನೋಡಿದ. ಪ್ರಿಸ್ಕಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಗಂಜಿ, ಮುದ್ದೆ, ಇಸ್ತ್ರಿ ಮಾಡಿದ ಅಂಗಿ. ಗೊತ್ತಿದ್ದೂ ಹುಡುಗಿಯನ್ನು ಕಳಿಸಿದ್ದಳು. ಅದೊಂದು ಅವನಿಗೆ ಬಗೆಹರಿಯಲಿಲ್ಲ.

ಮಾಂಸ ಸುಡುವ ಅಂಗಡಿಗಳ ಬಳಿ ಮತೇಯೊ ಎದುರಾದ. ಅದೇ ಕಾರ್ಖಾನೆಯವನು, ಆ ಹನ್ನೊಂದು ಜನರಲ್ಲಿ ಒಬ್ಬ. ತಳ್ಳುಗಾಡಿಯ ಮೇಲೆ ಫ್ರಿಜ್ಜನ್ನು ಅಡ್ಡ ಮಲಗಿಸಿ ಹಗ್ಗ ಬಿಗಿಯುತ್ತಿದ್ದ.

"ಮಾರಿಬಿಟ್ಯಾ?" ಎಂದ ಚಿಸಂಗಾ.

"ಮಂಚ ಹೋದ ವಾರ, ಇದು ಈ ವಾರ. ಮಕ್ಕಳು ಊರಲ್ಲಿದಾವೆ. ಹೆಂಡ್ತಿ ಅವಳಕ್ಕನ ಮನೇಲಿ. ನಾನು ಗೋಡೆ ನೋಡ್ಕೊಂಡು ಕೂತಿರ್ತೀನಿ. ನಿಂದು ಹೆಂಗೆ ನಡೀತಿದೆ? ಬೆಂಕಿ ಒಗೆಯೋ ಹೆಂಡ್ತಿ ಹೆಂಗಿದಾಳೆ?"

"ಜ್ವರ."

"ನೀನು ಬಿಡಯ್ಯ, ರಾಜ. ಮೇಸ್ತ್ರಿ ಆದಾಗ ಕೊಟ್ಟ ಊಟ ನಮ್ಮಲ್ಲಿ ಯಾರೂ ಕೊಟ್ಟಿಲ್ಲ. ಮೊನ್ನೆನೂ ಅದನ್ನೇ ಮಾತಾಡ್ತಿದ್ವಿ. ನಿನ್ನಷ್ಟು ದೊಡ್ಡ ಕೈ ಯಾರದ್ದೂ ಅಲ್ಲ."

ಅಂಗಿಯೊಳಗೆ ಗಂಟು ಹೊಟ್ಟೆಗೆ ಒತ್ತುತ್ತಿತ್ತು. ಹಿಂದೆ ಇಂಥ ಹೊತ್ತಿನಲ್ಲಿ ಒಂದು ನೋಟು ಎಳೆದು ಮತೇಯೊನ ಜೇಬಿಗೆ ತುರುಕಿ ಬೆನ್ನು ತಟ್ಟಿ ಹೋಗುತ್ತಿದ್ದ. ಹಾಗೆ ಕೊಡುವಾಗಿನ ಬೆಚ್ಚನೆಯ ಸುಖ ಅವನಿಗೆ ಚೆನ್ನಾಗಿ ನೆನಪಿತ್ತು. ಕೈ ಅಂಗಿಯ ಗುಂಡಿಯವರೆಗೂ ಹೋಯಿತು. ಗಾಡಿಯ ಹಿಂದಿನ ತುದಿಯನ್ನು ಹಿಡಿದು, "ದಿಣ್ಣೆ ಹತ್ತಿಸಿಕೊಡ್ತೀನಿ ನಡಿ," ಎಂದ. ಕೊಳ್ಳುವವನ ಅಂಗಡಿಯವರೆಗೂ ತಳ್ಳಿದರು. ಬಿಡುವಾಗ ಮತೇಯೊ ಅವನ ಕಡೆ ತುಸು ಹೆಚ್ಚೇ ಹೊತ್ತು ನೋಡಿದಂತೆ ಕಂಡಿತು. ಮಾಂಸದ ಹೊಗೆ ಬೆನ್ನಟ್ಟಿ ಬಂತು. ಮನೆಗೆ ಒಂದು ಕಾಗದದ ಪೊಟ್ಟಣ ಒಯ್ಯಬಹುದಿತ್ತು. ಇದರಲ್ಲಿ ಯಾವ ನೋಟು ಯಾವುದಕ್ಕೆಂದು ತನಗೆ ಗೊತ್ತಿಲ್ಲ, ಆದ್ದರಿಂದ ಒಂದನ್ನೂ ಮುಟ್ಟಲಾರೆ ಎಂಬುದನ್ನು ಬಿಟ್ಟರೆ ಅವನನ್ನು ತಡೆದ ಒಳ್ಳೆಯತನ ಬೇರೇನೂ ಇರಲಿಲ್ಲ.

ಪ್ರಿಸ್ಕಾ ಎದ್ದು ಗೋಡೆಗೊರಗಿ ಕೂತಿದ್ದಳು. ಹಣೆ ಬೆವತಿತ್ತು, ಜ್ವರ ಇಳಿಯುತ್ತಿತ್ತು. ಗಂಟು ಬಿಚ್ಚಿ ಹಾಸಿಗೆಯ ಮೇಲೆಯೇ ನೋಟುಗಳನ್ನು ಚಿಕ್ಕ ಚಿಕ್ಕ ಗುಡ್ಡೆ ಮಾಡತೊಡಗಿದಳು. ಏಪ್ರಿಲ್‌ವರೆಗೆ ಬಾಡಿಗೆ. ಮ್ವಿಲಾಳ ಶಾಲೆ. ಹುರಿಯಲು ಕಡಲೆಕಾಯಿ, ಎರಡು ಚೀಲ. ಜೂನಿಗೆ ಜೋಳ, ಅಲ್ಲಿಯವರೆಗೆ ಆ ದುಡ್ಡು ಮತ್ತೆ ಗುಂಪಿನ ಪೆಟ್ಟಿಗೆಗೆ. ಒಂದು ಗುಡ್ಡೆಯನ್ನು ಅವನ ಕಡೆ ಸರಿಸಿದಳು.

"ಇದು ಸ್ಪ್ಯಾನರ್ ಸೆಟ್ಟಿಗೆ. ಹಿಟ್ಟಿನ ಗಿರಣಿಯವರು ಸ್ವಂತ ಸಾಮಾನಿದ್ರೆ ರಿಪೇರಿಗೆ ಕರೀತೀನಿ ಅಂದಿದ್ರಲ್ಲ. ಸೆಕೆಂಡ್ ಹ್ಯಾಂಡ್ ನೋಡಿ."

ಅವನು ಅದನ್ನು ಮುಟ್ಟಲಿಲ್ಲ. ಕಿಟಕಿಯ ಕಡೆ ಉಳಿದಿದ್ದ ಗುಡ್ಡೆಯನ್ನು ತೋರಿಸಿದ. "ಅದು?"

"ಅದು ಲುವಿಂಗುವಿಗೆ."

"ಚಾಮಾಗಾ?" ಹೆಸರು ಬಾಯಿಂದ ಬಂದದ್ದು ಅವನಿಗೇ ಹೊಸದಾಗಿ ಕೇಳಿಸಿತು.

"ಹೂಂ."

"ನಿಂಗೆ ಗೊತ್ತಿತ್ತು."

ಅವಳು ನೋಟುಗಳ ಅಂಚು ಸರಿಮಾಡಿದಳು. "ಚಾಮಾ ನೋಡಿದ್ಲು. ಬಾಗಿಲ ಹಿಂದೆ ಗುಡಿಸ್ತಿದ್ಲಂತೆ. ಅವತ್ತೇ ನನ್ನ ಕಿವೀಲಿ ಹೇಳಿದ್ಲು. ನೀವಾಗೇ ಹೇಳ್ತೀರೇನೋ ಅಂತ ಕಾದು ಆಮೇಲೆ ಕೇಳಿದ್ದು ನಾನು."

"ಮತ್ತೆ ಅವಳನ್ನ ಯಾಕೆ ಕಳಿಸ್ದೆ?"

"ನೀವು ಆ ಮಾತಂದ್ರಲ್ಲ, ಅದನ್ನ ಅವಳು ಕೇಳಿಸ್ಕೊಂಡ್ಲು. ಆಮೇಲಿಂದ ಊಟ ಬಡಿಸುವಾಗ ನಿಮ್ಮನ್ನ ಒಂಥರಾ ನೋಡೋಳು. ನಂಗೆ ಅದನ್ನ ತಡ್ಕೊಳ್ಳೋಕಾಗ್ಲಿಲ್ಲ. ಮ್ವಿಲಾ ನೋಡಿ ಕಲೀತಾಳೆ ಅಂತ ಭಯ ಆಯ್ತು." ಕಿಟಕಿಯ ಕಡೆಯ ಗುಡ್ಡೆಯ ಮೇಲೆ ಕೈಯಿಟ್ಟು, "ನಿಮ್ಮ ಮರ್ಯಾದೆ ಉಳಿಸೋಕೆ ಹೋಗಿ ಮಗುವಿನ ಮರ್ಯಾದೆ ಖರ್ಚು ಮಾಡ್ದೆ. ನಂದೂ ತಪ್ಪಿದೆ. ಫೀಸ್ ಕಟ್ತಿದೀನಿ, ಅಷ್ಟೇ ನನ್ನ ಕೈಲಾಗೋದು," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಅವಳು ಎಣ್ಣೆ, ಸೋಪು, ಇದ್ದಿಲು ಮಾತ್ರ ಉಳಿಸುತ್ತಿದ್ದಾಳೆಂದು ಅವನು ತಿಳಿದಿದ್ದ. ಸಿಟ್ಟನ್ನೂ ಎಲ್ಲೋ ಒಣಗಿಸಿ ಎತ್ತಿಟ್ಟಿದ್ದಾಳೇನೋ ಎಂದು ಅವಳ ಮುಖ ನೋಡಿದ. ಅಲ್ಲಿ ಆಯಾಸವೊಂದೇ ಕಂಡಿತು.

"ಕೊಡು, ನಾನು ಕಳಿಸ್ತೀನಿ," ಎಂದ.

ಮಾರುಕಟ್ಟೆಯ ಮೂಲೆಯಲ್ಲಿ ಛತ್ರಿಯಡಿ ಕೂತು ಫೋನಿನಲ್ಲಿ ದುಡ್ಡು ಕಳಿಸಿಕೊಡುವ ಹೆಂಗಸು ನಂಬರು ಒತ್ತಿ, ನೋಟು ಎಣಿಸಿ, ಹೋಯಿತು ಎಂದಳು. ಅವನು ಅಲ್ಲೇ ನಿಂತ. ಹಿಂದಿರುಗಬಹುದಿತ್ತು. ಅವನಿಂದ ಯಾರೂ ಇನ್ನೇನನ್ನೂ ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಸ್ಪ್ಯಾನರ್ ಸೆಟ್ಟು ಕೊಳ್ಳಬಹುದು, ಗಿರಣಿಗೆ ಹೋಗಬಹುದು, ಕೈಗೆ ಮತ್ತೆ ಗ್ರೀಸು ಹತ್ತಬಹುದು, ಮನೆ ನಡೆಯುತ್ತದೆ. ನಡೆಯುವುದರಲ್ಲಿ ಅನುಮಾನವೇ ಇರಲಿಲ್ಲ, ಅವಳು ನಡೆಸುತ್ತಾಳೆ. ತನ್ನ ಫೋನು ತೆಗೆದು ಅದೇ ನಂಬರು ಒತ್ತಿದ.

"ಹಲೋ," ಎಂದದ್ದು ಹುಡುಗಿಯೇ. ದನಿ ದೊಡ್ಡದಾಗಿತ್ತು.

"ನಾನು, ದೊಡ್ಡಪ್ಪ."

ಅತ್ತಲಿಂದ ಕೋಳಿಗಳ ಸದ್ದು ಕೇಳಿತು. "ದೊಡ್ಡಮ್ಮಂಗೆ ಏನಾಯ್ತು?"

"ಏನಾಗಿಲ್ಲ. ಜ್ವರ ಇತ್ತು, ಇಳೀತು. ಫೀಸು ಬಂತಾ?"

"ಬಂತು ದೊಡ್ಡಪ್ಪ. ಥ್ಯಾಂಕ್ಸ್." ಮಾತು ಮುಗಿಯಿತೆಂದು ಇಡುವವಳಿದ್ದಳು.

"ಚಾಮಾ, ಆವತ್ತು ಡಬ್ಬಿಯಿಂದ ದುಡ್ಡು ತೆಗ್ದಿದ್ದು ನಾನು."

"ನೋಡಿದೆನಲ್ಲ," ಎಂದಳು ಹುಡುಗಿ, ಹವಾಮಾನ ಹೇಳುವಂತೆ. "ಅದನ್ನ ನಂಗ್ಯಾಕೆ ಹೇಳ್ತೀರಾ? ಅಜ್ಜಿಗೆ ಹೇಳಿ. ಇವತ್ತಿಗೂ ನಾನು ಮನೇಲಿದ್ರೆ ಅಜ್ಜಿ ದುಡ್ಡಿನ ಚೀಲ ಸೊಂಟದಿಂದ ಬಿಚ್ಚಲ್ಲ. ಇಲ್ಲೇ ಅಂಗಳದಲ್ಲಿದಾರೆ. ಕೊಡ್ಲಾ?"

ಅಜ್ಜಿಯೆಂದರೆ ಅವನ ಅತ್ತೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವನು ಅವಳ ಮುಖವನ್ನು ನೇರ ನೋಡಿದವನಲ್ಲ. ಅಳಿಯನಾದವನು ನೋಡುವಂತಿಲ್ಲ. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, ಕೂತು, ನೆಲ ನೋಡುತ್ತಾ ಚಪ್ಪಾಳೆ ತಟ್ಟಿ ನಮಸ್ಕರಿಸಿ, ಅವಳು ಹಾದು ಹೋಗುವವರೆಗೆ ಕಾಯಬೇಕು. ಇಷ್ಟು ವರ್ಷದಲ್ಲಿ ಕುಶಲ ಕೇಳಿದ್ದು ಬಿಟ್ಟು ಒಂದು ವಾಕ್ಯ ಆಡಿದ ನೆನಪಿಲ್ಲ. ಲೋಕದಲ್ಲಿ ಬೇರೆ ಯಾರಿಗಾದರೂ ಹೇಳಬಹುದಿತ್ತು. ನಾಂಪುಂಡುವಿಗೆ, ಆ ಕೋಣೆಯ ಎಲ್ಲ ಹೆಂಗಸರಿಗೆ, ಮತೇಯೊನಿಗೆ.

"ದೊಡ್ಡಪ್ಪ? ಇದೀರಾ?"

"ಕೊಡು," ಎಂದ.

ಹುಡುಗಿಯ ಹೆಜ್ಜೆ ಕೇಳಿತು, ಕೋಳಿಗಳು ಚದುರಿದವು, ಮುದುಕಿಯೊಬ್ಬಳ ಕೆಮ್ಮು ಹತ್ತಿರವಾಯಿತು, ದೊಡ್ಡಮ್ಮಂಗೆ ಜ್ವರ ಇತ್ತಂತೆ ಎಂದು ಹುಡುಗಿ ಹೇಳಿದ್ದು ಕೇಳಿತು. ಚಿಸಂಗಾ ಸಂತೆಯ ಜನರ ನಡುವೆ, ಕೆಸರಿನ ಅಂಚಿನಲ್ಲಿ, ಕುಕ್ಕರುಗಾಲಲ್ಲಿ ಕೂತ. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಎರಡು ಅಂಗೈ ಸೇರಿಸಿ ಮೆಲ್ಲಗೆ ತಟ್ಟಿದ. ಛತ್ರಿಯಡಿಯ ಹೆಂಗಸು ತಿರುಗಿ ನೋಡಿದಳು.

"ಯಾರದು?" ಎಂದಿತು ಮುದಿ ದನಿ.

"ಅತ್ತೆ, ನಾನು ಚಿಸಂಗಾ, ಕಿಟ್ವೆಯಿಂದ. ಹುಡುಗಿ ದುಡ್ಡು ಕದ್ದಿರ್ಲಿಲ್ಲ."

"ಮತ್ತೆ ಯಾರು ಕದ್ದಿದ್ದು?"

ಅವನು ಹೇಳಿದ. ಯಾವ ದಿನ, ಎಷ್ಟು, ಯಾಕೆ, ಆಮೇಲೆ ಹೆಂಡತಿ ಕೇಳಿದಾಗ ತಾನು ಆಡಿದ ಮಾತು ಯಾವುದು, ಎಲ್ಲವನ್ನೂ ಹೇಳಿದ. ಫೋನಿನ ದುಡ್ಡು ಖರ್ಚಾಗುತ್ತಿತ್ತು, ಅವನು ಇಡಲಿಲ್ಲ. ಕೊನೆಗೆ ಮುದುಕಿ, ಫೋನಿನಿಂದ ಆಚೆ ತಿರುಗಿ, "ಚಾಮಾ, ಈ ಚೀಲ ತಗೊಂಡ್ಹೋಗಿ ಒಳಗಿಡು," ಎಂದಳು. ಆಮೇಲೆ ಅವನಿಗೆ, "ನನ್ನ ಮಗಳಿಗೆ ಜ್ವರ ಹೇಗಿದೆ?" ಎಂದು ಕೇಳಿದಳು.